ಹೊರಗಿನಿಂದ ಹಾಕಿದ ಕೀಲಿ

ಮಣ್ಣೆತ್ತಿನ ಅಮಾವಾಸ್ಯೆ ಮುಗಿದು ನಾಲ್ಕು ದಿನವಾಗಿತ್ತು. ಮಾನ್ವಿಯ ಆ ಓಣಿಯಲ್ಲಿ ಮೌನಪ್ಪನ ಕುಲುಮೆ ಎಂದಿನಂತೆ ಬಿಸಿಲು ಏರುವ ಮೊದಲೇ ಹೊತ್ತಿಕೊಂಡಿತ್ತು. ಹೆಂಡತಿ ಶೇಖಮ್ಮ ತಿದಿ ಒತ್ತುತ್ತಿದ್ದಳು. ಎದುರು ಮನೆಯ ಕಟ್ಟೆಯ ಮೇಲೆ, ಪಾತ್ರೆಗಳಿಗೆ ಕಲಾಯಿ ಹಚ್ಚುವ ಖಾಜಾಮಿಯಾ ಹಿತ್ತಾಳೆಯ ಕೊಡವೊಂದನ್ನು ಮೊಣಕಾಲ ನಡುವೆ ಹಿಡಿದು ಉಜ್ಜುತ್ತಿದ್ದ.

"ಲೇ ಮೌನ್ಯಾ, ಇವತ್ತ ಯಾವ ದೇಶದ ಬಾಗಲಾ?" ಎಂದು ಅವನು ಕೂಗಿದ.

"ಇರಾನದ್ದು ಹೇಳಲೇನು? ಅಲ್ಲಿ ಕದಕ್ಕ ಎರಡು ಬಡಿಗಿ ಇರ್ತಾವ. ದಪ್ಪಂದು ಗಂಡಸರು ಬಡೀಬೇಕು. ಉಂಗರದಂಗ ಸಣ್ಣದು ಹೆಣ್ಮಕ್ಕಳು ಬಡೀಬೇಕು. ಸಪ್ಪಳ ಕೇಳೇ ಒಳಗಿನಾಕಿಗೆ ತಿಳೀತದ, ಬಂದಾವ ಗಂಡಸೋ ಹೆಂಗಸೋ ಅಂತ."

"ನಿಮ್ಮವ್ವ ಹೋದರ ಯಾವುದು ಬಡೀತಾಳ?"

ಹೊರಕೋಣೆಯಲ್ಲಿ ಕಾಳು ಹಸನು ಮಾಡುತ್ತಿದ್ದ ಮುದುಕಿ ಹಣಮಮ್ಮ ಅಲ್ಲಿಂದಲೇ ಉತ್ತರ ಕೊಟ್ಟಳು. "ನಾ ನಿನ್ನ ತಲಿ ಬಡೀತೀನಿ ಬಾರಲೇ ಖಾಜಾ."

ಮೂವರೂ ನಕ್ಕರು. ಶೇಖಮ್ಮನಿಗೆ ಆ ನಗು ನೆನಪಿದೆ. ಆಮೇಲೆ ಆ ಮನೆಯಲ್ಲಿ ಯಾರೂ ನಗಲಿಲ್ಲ.

ಮೌನಪ್ಪ ಕೀಲಿ, ಅಂದರೆ ಬೀಗ, ಮಾಡುವ ಕಮ್ಮಾರ. ಹುಟ್ಟಿದ್ದು ದೇವದುರ್ಗದಲ್ಲಿ. ರಾಯಚೂರಿನ ಹತ್ತಿ ಗಿರಣಿಯೊಂದರಲ್ಲಿ ಫಿಟ್ಟರನ ಕೈಕೆಳಗೆ ಕೆಲಸ ಕಲಿತು, ಮಾನ್ವಿಗೆ ಬಂದು ಕುಲುಮೆ ಹಾಕಿದ. ದೊಡ್ಡ ಯುದ್ಧ ನಡೆದಾಗ ಸರಕಾರದ ವರ್ಕ್‌ಶಾಪಿಗೆ ಕೆಲಸಗಾರರು ಬೇಕೆಂದು ಬಂದರು. ಅವರ ಸಂಗಡ ಬಸ್ರಾಕ್ಕೆ ಹೋದ, ಅಲ್ಲಿಂದ ಇರಾನದ ಅಬಾದಾನಕ್ಕೆ ಹೋದ. ಮೂರು ವರ್ಷ ಇದ್ದು ಬಂದ. ಜೊತೆಗೆ ಹೋದವರು ಗಡಿಯಾರ ತಂದರು, ಉಣ್ಣೆಯ ಕೋಟು ತಂದರು. ಇವನು ತಂದದ್ದು ಬಾಗಿಲುಗಳ ಮಾತು. ಬಸ್ರಾದ ಪೇಟೆಯಲ್ಲಿ ಮಧ್ಯಾಹ್ನ ನಮಾಜಿಗೆ ಹೋಗುವ ಅಂಗಡಿಯವನು ಬಾಗಿಲಿಗೆ ಒಂದು ಬಲೆ ಇಳಿಬಿಟ್ಟು ಹೋಗುತ್ತಾನಂತೆ. ಬರುವತನಕ ಒಂದು ಖರ್ಜೂರವನ್ನೂ ಯಾರೂ ಮುಟ್ಟುವುದಿಲ್ಲವಂತೆ. "ಇಲ್ಲಿ ಹಂಗ ಮಾಡಿದರ ಬಲಿನೂ ಒಯ್ತಾರ" ಎಂದು ಖಾಜಾಮಿಯಾ ಅನ್ನುತ್ತಿದ್ದ.

ಮೌನಪ್ಪನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅಬಾದಾನದ ಸಾಹೇಬರ ಬಂಗಲೆಗಳ ಕೀಲಿ.

"ಕೀಲಿ ಕದದ ಹೊಟ್ಟ್ಯಾಗ ಇರ್ತದ. ಹೊರಗಿನವಗ ಕೀಲಿಕೈ ಬೇಕು. ಒಳಗಿನವ ಬರೇ ಹಿಡಿಕಿ ತಿರುವಿದರ ಸಾಕು, ತೆಗೀತದ. ನಾವು ಮಾಡೋ ಕೀಲಿಗೆ ಒಳಗ ಯಾರರ ಅದಾರೋ ಇಲ್ಲೋ, ಅದರ ಖಬರೇ ಇಲ್ಲ. ಹೊರಗ ಜೋತುಬೀಳೋದಷ್ಟೇ ಗೊತ್ತು."

ಅಂಥದೊಂದನ್ನು ಮಾಡಬೇಕೆಂದು ಆರು ತಿಂಗಳಿಂದ ಕಾನಸು ಹಿಡಿದು ಕಬ್ಬಿಣ ತಿಕ್ಕುತ್ತಿದ್ದ. ಒಳ್ಳೆಯ ಸ್ಪ್ರಿಂಗು ಸಿಗದೆ ಅದು ಕೈಗೂಡಲಿಲ್ಲ. ರಾಯಚೂರಿಗೆ ಹೋಗಿ ಬರುವುದು ಆಗ ಸುಮ್ಮನೆ ಮಾತಾಗಿರಲಿಲ್ಲ.

ಅದು ಮೊಗಲಾಯಿಯ ಕಡೆಯ ವರ್ಷ. ನಿಜಾಮರ ಸೀಮೆಯನ್ನು ಜನ ಹಾಗೇ ಕರೆಯುತ್ತಿದ್ದರು. ತುಂಗಭದ್ರೆಯ ಆಚೆ ಸ್ವಾತಂತ್ರ್ಯ ಬಂದು ವರ್ಷವಾಗುತ್ತಾ ಬಂದಿತ್ತು. ಈಚೆ ನಿಜಾಮರ ಪರ ಆಯುಧ ಹಿಡಿದ ರಜಾಕಾರರ ಭಯ. ಇಂದು ಆ ಊರಿಗೆ ಬಂದರಂತೆ, ನಾಳೆ ಈ ಊರಿಗಂತೆ. ನೋಡಿದವರು ಕಡಿಮೆ, ಹೇಳುವವರು ಬಹಳ. ಇದ್ದವರು ಹಿತ್ತಲ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿಕೊಂಡರು. ಮೌನಪ್ಪನೂ ತನ್ನ ಹಿತ್ತಲ ಬಾಗಿಲನ್ನು ಹಾಗೇ ಮುಚ್ಚಿದ. ಇರಲಾರದವರು ಮನೆಗೆ ಕೀಲಿ ಹಾಕಿ ಹೊಳೆ ದಾಟಿದರು. ಹೋಗುವಾಗ ಕೀಲಿಕೈಯನ್ನು ಮೌನಪ್ಪನ ಕೈಯಲ್ಲಿಟ್ಟು ಹೋದರು. ದಾರಿಯಲ್ಲಿ ಕಳೆದರೆ ಕಷ್ಟ, ಕೀಲಿ ಮಾಡಿದವನ ಹತ್ತಿರ ಇರಲಿ ಎಂಬುದು ಮೊದಲಿನಿಂದ ಇದ್ದ ರೂಢಿ. ಕುಲುಮೆಯ ಗೋಡೆಗೆ ಇಪ್ಪತ್ಮೂರು ಮನೆಗಳ ಕೀಲಿಕೈ ಜೋತುಬಿದ್ದಿದ್ದವು. ಮೌನಪ್ಪನ ಸ್ವಂತ ಮನೆಗೆ ಮಾತ್ರ ಕೀಲಿ ಇರಲಿಲ್ಲ. ಬೇಕೆಂದು ಅನಿಸಿರಲೇ ಇಲ್ಲ.

ಅಂದು ಮಧ್ಯಾಹ್ನ ಬಂಡಿಯ ಮುದುಕಪ್ಪ ಬಂದು ಬಾಗಿಲಲ್ಲಿ ನಿಂತ.

"ನಾಳಿ ಮುಂಜಾನಿ ಹೊಳೀಗೆ ಕಡೇ ಬಂಡಿ. ಆಮ್ಯಾಲ ನಾ ಹೊಡಿಯಾಂಗಿಲ್ಲ. ಬರೋರು ಬರ್ರಿ."

ಹೊಳೆಯಾಚೆ ಕೋಸಿಗಿಯಲ್ಲಿ ಶೇಖಮ್ಮನ ಅಣ್ಣನ ಮನೆ ಇತ್ತು. ಮುದುಕಿಯನ್ನು ಕರೆದುಕೊಂಡು ಹೋಗುವುದೆಂದಾಯಿತು. ಆದರೆ ಮೌನಪ್ಪ ಏಳಲಿಲ್ಲ.

"ಮಂದಿ ಮನಿ ನನ್ನ ಗ್ವಾಡ್ಯಾಗ ನೇತಾಡಾಕತ್ತಾವ. ಅವನ್ನ ಬಿಟ್ಟು ಹೋದರ ಕಳ್ಳರಿಗೆ ಕೊಟ್ಟಂಗ. ಹೊತಗೊಂಡು ಹೋದರ, ನಾಳಿ ಅವರು ಬಂದು ಎಲ್ಲಿಂದ ಒಳಗ ಹೋಗಬೇಕು?"

"ಮತ್ತ ಒಬ್ಬರೇ ಹೆಂಗ ಇರ್ತೀರಿ?"

"ನೀ ಹೊರಗಿಂದ ಕೀಲಿ ಹಾಕಿ ಹೋಗು. ಕೀಲಿ ಬಿದ್ದ ಮನ್ಯಾಗ ಯಾರಿರ್ತಾರ? ಮನುಷ್ಯಾರನ್ನ ಹುಡುಕಿ ಬಂದವರು ಕೀಲಿ ನೋಡಿ ಮುಂದ ಹೋಗ್ತಾರ. ಲೂಟಿ ಮಾಡಾಕ ಬಂದವರು, ಕಮ್ಮಾರನ ಮನ್ಯಾಗ ಏನ ಸಿಗ್ತದ ಅಂತ ಮುಂದ ಹೋಗ್ತಾರ. ಎಂಟ ದಿನ. ಕಟಕ ರೊಟ್ಟಿ ಅದಾವ, ಎರಡು ಕೊಡ ನೀರ ಅದಾವ. ಮುದುಕೀನ ಬಿಟ್ಟು ನೀ ಬಂದು ತೆಗಿ."

"ನಡುವ ಏನರ ಆದರ?"

"ಒಳಗ ಸುತ್ತಿಗಿ ಅದ, ಉಳಿ ಅದ. ನಾ ಕಮ್ಮಾರ ಅದೀನಿ. ಕದಾ ಒಡಕೊಂಡು ಬರ್ತೀನಿ."

ಅದು ಸರಿಯೆನ್ನಿಸಿತು. ಆಮೇಲೆ ಅವನು ಅಂದ, "ಖಾಜಾಗ ಒಂದ ಮಾತು ಹೇಳಿರ್ತೀನಿ."

ಶೇಖಮ್ಮ ಬೇಡವೆಂದಳು. ಖಾಜಾಮಿಯಾನ ತಂಗಿಯ ಮಗ ರಾಯಚೂರಿನಲ್ಲಿ ಖಾಕಿ ಅಂಗಿ ಹಾಕಿಕೊಂಡು ರಜಾಕಾರರ ಜೊತೆ ತಿರುಗುತ್ತಿದ್ದ. ಒಮ್ಮೆ ಆ ಅಂಗಿಯಲ್ಲೇ ಮಾವನ ಮನೆಗೆ ಬಂದು ಉಂಡು ಹೋಗಿದ್ದ. ಅವಳು ಕಿಂಡಿಯಿಂದ ನೋಡಿದ್ದಳು.

"ಹನ್ನೆರಡು ವರ್ಷದ ಗೆಣೆಯಾ ಅವ" ಎಂದ ಮೌನಪ್ಪ.

"ಅವನ ಬಾಯಿ ಅಲ್ಲರೀ, ಅವನ ಮನಿಗೆ ಬರೋರ ಕಿವಿ. ಹೇಳಂಗಿಲ್ಲ ಅಂತ ನನ್ನ ತಲಿ ಮ್ಯಾಲ ಕೈ ಇಡ್ರಿ."

ಮೌನಪ್ಪ ಕೈ ಎತ್ತಲಿಲ್ಲ. ಅವಳು ಅವನ ಕೈಯನ್ನು ತಾನೇ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಮಸಿ ಹತ್ತಿದ ಒರಟು ಕೈ. ಆಣೆ ಆಯಿತು.

ಮರುದಿನ ಶುಕ್ರವಾರ. ದೇವದುರ್ಗದ ಸೆಟ್ಟಿಗೆಂದು ಮಾಡಿದ್ದ ಕೀಲಿಯೊಂದು ಒಯ್ಯುವವರಿಲ್ಲದೆ ಉಳಿದಿತ್ತು. ಮೌನಪ್ಪನ ಕೈಯಲ್ಲಿ ಆದ ಕೀಲಿಗಳಲ್ಲಿ ಅದೇ ಗಟ್ಟಿಯಾದದ್ದು. ಅದಕ್ಕೆ ಎಣ್ಣೆ ಬಿಟ್ಟು ಹೆಂಡತಿಯ ಕೈಗೆ ಕೊಟ್ಟು ಒಳಗೆ ಹೋದ. ಅವಳು ಕದ ಎಳೆದು, ಚಿಲಕ ಏರಿಸಿ, ಕೀಲಿ ಒತ್ತಿದಳು.

ಒಳಗಿನಿಂದ ಅವನು ಮೆಲ್ಲಗೆ ಅಂದ, "ಎಳದು ನೋಡು."

ಅವಳು ಎಳೆದು ನೋಡಿದಳು. ಗಟ್ಟಿಯಾಗಿತ್ತು.

ಬಂಡಿ ಹತ್ತುವಾಗ ಖಾಜಾಮಿಯಾ ಓಡಿಬಂದ. "ಏನ ತಂಗೆವ್ವಾ, ಹೊಂಟ್ರೇನು? ಮೌನ್ಯಾ ಎಲ್ಲಿ?"

"ನಸಿಕಿನ್ಯಾಗ ಮುಂದ ಹೋದ್ರು. ಹೊಳಿ ದಂಡ್ಯಾಗ ಸಿಗ್ತಾರ."

"ನನಗೊಂದ ಮಾತು ಹೇಳಲಾರದ?" ಎಂದ ಅವನು. ಮುಖ ಸಣ್ಣದಾಯಿತು. "ಆತು. ನಿಮ್ಮ ಮನಿ ಕಡೆ ನನ್ನ ಕಣ್ಣ ಇರ್ತದ. ಆರಾಮ ಹೋಗ್ರಿ."

ಅವಳು ತಲೆ ತಗ್ಗಿಸಿ ಬಂಡಿ ಹತ್ತಿದಳು. ಕೀಲಿಕೈ ಸೀರೆಯ ಸೆರಗಿನ ಗಂಟಿನಲ್ಲಿತ್ತು.

ಕೋಸಿಗಿಯಲ್ಲಿ ಅಣ್ಣನ ಮನೆಗೆ ಕೀಲಿಯೇ ಇರಲಿಲ್ಲ. ಹೊಲಕ್ಕೆ ಹೋಗುವಾಗ ಬಾಗಿಲಿಗೆ ಅಡ್ಡ ಒಂದು ಹಗ್ಗದ ಹೊರಸು ಒರಗಿಸಿ ಹೋಗುತ್ತಿದ್ದರು, ನಾಯಿ ನುಗ್ಗದಿರಲೆಂದು. ಇಡೀ ಓಣಿಯೇ ಹಾಗಿತ್ತು. ಒಂದು ಹೊಳೆ ದಾಟಿದ್ದಕ್ಕೆ ಇಷ್ಟು ಬೇರೆ. ಸೆರಗಿನ ಗಂಟನ್ನು ಪದೇ ಪದೇ ಮುಟ್ಟಿ ನೋಡಿಕೊಳ್ಳುವ ಶೇಖಮ್ಮನನ್ನು ಕಂಡು ಅತ್ತಿಗೆ ಅನ್ನಮ್ಮ ಆಡಿಕೊಂಡಳು. "ಏನ ಬೇ, ಸೆರಗಿನ್ಯಾಗ ಗಂಡನ್ನ ಕಟಗೊಂಡು ಬಂದೀ ಏನು?"

ಶೇಖಮ್ಮ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ನಡೆದಳು.

ಎಂಟನೆಯ ದಿನ ಹೊಳೆಯ ದಂಡೆಗೆ ಬಂದಳು. ಮೇಲೆಲ್ಲೋ ಮಳೆಯಾಗಿ ನೀರು ಕೆಂಪಾಗಿ ದಂಡೆ ಮುಟ್ಟಿ ಹರಿಯುತ್ತಿತ್ತು. ಹರಿಗೋಲುಗಳನ್ನು ಬೋರಲು ಹಾಕಿ ಕಲ್ಲು ಹೇರಿದ್ದರು. "ಹೊಳಿ ಇಳೀಲಿ ಯವ್ವಾ" ಎಂದ ಅಂಬಿಗರ ತಾಯಣ್ಣ. ಒಂಬತ್ತನೆಯ ದಿನ ಅದೇ ಮಾತು. ಹತ್ತನೆಯ ದಿನವೂ ಅದೇ.

ಹನ್ನೊಂದನೆಯ ದಿನ ಅಣ್ಣನನ್ನು ಕರೆದುಕೊಂಡು ಆದವಾನಿಗೆ ಹೋದಳು, ರೈಲಿನಲ್ಲಾದರೂ ರಾಯಚೂರಿಗೆ ಹೋಗಿ ಅಲ್ಲಿಂದ ನಡೆದೇನೆಂದು. ಪರವಾನಗಿ ಚೀಟಿ ಇಲ್ಲದೆ ಆ ಕಡೆಗೆ ಬಿಡುವುದಿಲ್ಲ ಎಂದು ಸ್ಟೇಷನ್ನಿನಲ್ಲಿ ತಡೆದರು. ಚೀಟಿ ಯಾರು ಕೊಡುತ್ತಾರೆಂದು ಕೇಳಿದರೆ ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಪೇಟೆಯಲ್ಲಿ ಹತ್ತಿ ವ್ಯಾಪಾರಿಗಳ ಅಂಗಡಿಗೆ ಕಬ್ಬಿಣದ ಪಟ್ಟಿಯ ಬಾಗಿಲುಗಳಿದ್ದವು. ಎಳೆದರೆ ಅಗಲವಾಗುತ್ತವೆ, ತಳ್ಳಿದರೆ ಮುದುಡಿ ಮೂಲೆಗೆ ನಿಲ್ಲುತ್ತವೆ. ಸಂದಿಯಿಂದ ಒಳಗಿನ ಮನುಷ್ಯ ಪೂರ್ತಿ ಕಾಣುತ್ತಾನೆ. ಅವಳು ಅಲ್ಲೇ ನಿಂತು ನೋಡಿದಳು. ಒಳಗಿನವನು, "ಏನ ಬೇಕವ್ವಾ?" ಎಂದ. ಅವಳಿಗೆ ಏನೂ ಬೇಕಿರಲಿಲ್ಲ. ಒಳಗಿದ್ದವನು ಕಂಡ, ಕೇಳಿದ, ಅಷ್ಟೇ.

ಹದಿನಾಲ್ಕನೆಯ ದಿನ ತಾಯಣ್ಣನ ಮುಂದೆ ಬಾಯಿಬಿಟ್ಟಳು. ಅಲ್ಲಿಯವರೆಗೆ ಅಣ್ಣನಿಗೂ ಹೇಳಿರಲಿಲ್ಲ, ಅತ್ತೆಯ ಬಾಯಿಗೂ ಆಣೆ ಹಾಕಿದ್ದಳು.

"ನನ್ನ ಗಂಡ ಮನಿ ಒಳಗ ಅದಾನ. ನಾ ಹೊರಗ ಕೀಲಿ ಹಾಕಿ ಬಂದೀನಿ."

ತಾಯಣ್ಣ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಅವಳನ್ನು ನೋಡಿದ. "ಒಳಗ ಮನುಷ್ಯಾನ್ನ ಇಟ್ಟು ಕೀಲಿ ಹಾಕೀಯೇನವ್ವಾ?"

ಅವನು ಅಂದು ಹರಿಗೋಲು ಇಳಿಸಿ ನೋಡಿದ. ನೀರು ಗರಗರ ತಿರುಗಿಸಿ ಕೆಳಗಿನ ಗಿಡಗಳಿಗೆ ತಂದು ಒಗೆಯಿತು. ಬದುಕಿ ಬಂದದ್ದೇ ಹೆಚ್ಚು. ಹದಿನೆಂಟನೆಯ ದಿನ ನೀರು ಮೊಳ ಇಳಿಯಿತು. ಆಗ ದಾಟಿಸಿದ. ಮುದುಕಿಯನ್ನು ಅಣ್ಣನ ಮನೆಯಲ್ಲೇ ಬಿಟ್ಟು ಶೇಖಮ್ಮ ಒಬ್ಬಳೇ ನಡೆದಳು. ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಮಾನ್ವಿಗೆ ಬಂದಳು.

ಓಣಿ ಹಾಗೇ ಇತ್ತು. ಯಾವ ಮನೆಯೂ ಸುಟ್ಟಿರಲಿಲ್ಲ. ಯಾವ ಕದವೂ ಮುರಿದಿರಲಿಲ್ಲ. ಅವಳ ಮನೆಯ ಕೀಲಿ ಬಿಟ್ಟುಹೋದ ಹಾಗೇ ಜೋತುಬಿದ್ದಿತ್ತು. ದಾರಿಯುದ್ದಕ್ಕೂ ಅವಳು ಅಂದುಕೊಂಡು ಬಂದದ್ದು ಒಂದೇ. ಕದ ಒಡೆದಿರಲಿ. ಕದ ಒಡೆದಿದ್ದರೆ ಅವನು ಹೊರಗೆ ಬಂದಿದ್ದಾನೆ.

ಖಾಜಾಮಿಯಾ ಕಟ್ಟೆಯಿಂದ ಇಳಿದು ಬಂದ. "ಬಂದ್ರೇನ ತಂಗೆವ್ವಾ! ನೋಡು, ನಿಮ್ಮ ಮನಿ ಒಂದ ಕಲ್ಲ ಅಳ್ಳಾಡಿಲ್ಲ. ಮೌನ್ಯಾ ಎಲ್ಲಿ, ಹಿಂದ ಬರಾಕತ್ತಾನೇನು?"

ಅವಳು ಕೀಲಿಕೈ ಹಾಕಿ ತಿರುವಿದಳು. ಎಣ್ಣೆ ಬಿಟ್ಟ ಕೀಲಿ. ಸಲೀಸಾಗಿ ತೆರೆಯಿತು.

ಹೊರಕೋಣೆಯಲ್ಲಿ ರೊಟ್ಟಿಯ ಬುಟ್ಟಿ ಇತ್ತು. ನೀರಿನ ಕೊಡ ಎರಡೂ ಇದ್ದವು, ಒಂದು ಪೂರ್ತಿ ತುಂಬಿತ್ತು. ಮೌನಪ್ಪ ಒಳಗಿನ ಕುಲುಮೆಯ ಕೋಣೆಯಲ್ಲಿದ್ದ. ಮೇಲಿನ ಬೆಳಕಿಂಡಿಯ ಕೆಳಗೆ ಏಣಿ ಮಗುಚಿ ಬಿದ್ದಿತ್ತು. ಮಳೆ ಹನಿ ಒಳಗೆ ಬೀಳುತ್ತದೆಂದು ಕಿಂಡಿಗೆ ಕಲ್ಲು ಮುಚ್ಚಲು ಏರಿರಬೇಕು. ಬಲಗಾಲು ತೊಡೆಯಲ್ಲೇ ಮುರಿದಿತ್ತು. ಏಣಿಯಿಂದ ಕಬ್ಬಿಣ ಬಡಿಯುವ ಅಡಿಗಲ್ಲಿನವರೆಗೆ ನೆಲದ ಮೇಲೆ ಎಳೆದುಕೊಂಡು ಹೋದ ಗೆರೆ ಇತ್ತು. ನೀರಿನ ಕಡೆಗೆ ಹೋಗಲು ನಡುವೆ ಮೊಳದೆತ್ತರದ ಹೊಸ್ತಿಲು, ಅದನ್ನು ದಾಟಲಾಗಿಲ್ಲ. ಬಲಗೈಯ ಹತ್ತಿರ ಸಣ್ಣ ಸುತ್ತಿಗೆ ಬಿದ್ದಿತ್ತು.

ಉಳಿದದ್ದನ್ನು ಅವಳು ಯಾರಿಗೂ ಹೇಳಿಲ್ಲ.

ಮಣ್ಣು ಮಾಡಿ ಬಂದ ಮೂರನೆಯ ದಿನ ಖಾಜಾಮಿಯಾ ಬಂದು ಹೊರಗಿನ ಕಲ್ಲಿನ ಮೇಲೆ ಕೂತ.

"ನನಗ ಕೇಳಿತ್ತವ್ವಾ" ಎಂದ.

"ಏನು?"

"ಅಡಿಗಲ್ಲಿನ ಸಪ್ಪಳ. ನೀವು ಹೋದದ್ದು ಶುಕ್ರವಾರ. ಮಂಗಳವಾರ ಮುಂಜಾನಿ ಕೇಳಿತು. ಬುಧವಾರನೂ ಕೇಳಿತು. ಟಣ್ ಟಣ್ ಟಣ್. ಇಷ್ಟು ವರ್ಷ ದಿನಾ ಕೇಳಿದ ಸಪ್ಪಳ. ಅವ ಇಲ್ಲ, ಕಿವ್ಯಾಗ ಅವನ ಸಪ್ಪಳ ಉಳದದ ಅನಕೊಂಡೆ. ಆದರೂ ಎದ್ದು ಬಂದೆ. ಇಲ್ಲೇ, ಕದದ ಮುಂದ ನಿಂತೆ. ಕೀಲಿ ನೋಡಿದೆ. ಕೀಲಿ ಬಿದ್ದ ಮನ್ಯಾಗ ಯಾರಿರ್ತಾರ?"

ಅವಳು ನೆಲ ನೋಡುತ್ತಾ ಕೂತಿದ್ದಳು.

"ಕದಾ ಬಡದು ನೋಡಬೇಕು ಅನಿಸ್ತು. ಕೈ ಮುಂದ ಆಗಲಿಲ್ಲ. ಎರಡೂ ಕೈ ಬೆನ್ನ ಹಿಂದ ಕಟಗೊಂಡು ನಿಂತೆ. ಯಾರರ ನೋಡಿದರ, ಮೌನ್ಯಾ ಊರು ಬಿಟ್ಟ ವಾರದಾಗ ತುರುಕ ಅವನ ಕೀಲಿಗೆ ಕೈ ಹಾಕ್ಯಾನ ಅಂತಾರ. ಈಗಿನ ದಿನ ಹಂಗ ಅದಾವ. ಗುರುವಾರ ಸಪ್ಪಳ ಇರಲಿಲ್ಲ. ಆಮ್ಯಾಲ ವಾಸನಿ ಬಂತು. ಹೆಗ್ಗಣ ಸತ್ತದ ಅನಕೊಂಡೆ." ಅವನು ಹೆಗಲ ವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡ. "ಒಂದ ಮಾತು ಹೇಳಿದ್ರ ಆಗ್ತಿತ್ತಲ್ಲ ತಂಗೆವ್ವಾ. ನನಗೊಂದ ಮಾತು."

"ಅವರು ಹೇಳ್ತೀನಿ ಅಂದ್ರು" ಎಂದಳು ಶೇಖಮ್ಮ. "ನಾ ಬ್ಯಾಡ ಅಂದೆ."

ಅವನು ಎದ್ದು ಹೋದ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

ಮೌನಪ್ಪ ಆಣೆಗೆ ಕಟ್ಟುಬಿದ್ದು ಖಾಜಾಮಿಯಾನ ಹೆಸರು ಹಿಡಿದು ಕೂಗಲಿಲ್ಲವೋ, ಕೂಗಿದ್ದು ಆ ದಪ್ಪ ಮಣ್ಣಿನ ಗೋಡೆ ದಾಟಲಿಲ್ಲವೋ, ಶೇಖಮ್ಮನಿಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ.

ಗಣಪತಿ ಹಬ್ಬ ಮುಗಿದ ವಾರದಲ್ಲಿ ಹೊಳೆಯ ಆಚೆಯಿಂದ ಭಾರತದ ದಂಡು ಬಂತು. ನಾಲ್ಕೈದು ದಿನದಲ್ಲಿ ಮೊಗಲಾಯಿ ಮುಗಿಯಿತು. ಹೋದವರು ಒಬ್ಬೊಬ್ಬರಾಗಿ ತಿರುಗಿ ಬಂದರು. ಕೀಲಿಕೈ ಕೇಳಿದರು, ಅವಳು ಗೋಡೆಯಿಂದ ತೆಗೆದು ಕೊಟ್ಟಳು. ಅವರ ಮನೆಗಳಲ್ಲಿ ಒಂದು ಸೇರು ಜೋಳವೂ ಕದಲಿರಲಿಲ್ಲ. ಓಣಿಗೆ ಯಾರೂ ಬಂದೇ ಇರಲಿಲ್ಲ. ಮೌನಪ್ಪನ ಕೀಲಿಯ ಕೆಲಸ ಎಂದರೆ ಹೀಗಿರಬೇಕು ಎಂದು ಒಬ್ಬಾತ ಕಣ್ಣೀರು ಹಾಕಿದ. ಅವಳಿಗೆ ಕದ ಮುಚ್ಚಿಕೊಳ್ಳಬೇಕೆನಿಸಿತು.

ಈಗ ಹೆದರುವ ಸರದಿ ಬೇರೆಯವರದು. ರಜಾಕಾರರ ಹೆಸರು ಹೇಳಿಕೊಂಡು, ಅವರ ಜೊತೆ ಇರದಿದ್ದ ಬಡ ಮುಸಲ್ಮಾನರ ಮನೆಗಳಿಗೂ ಜನ ಹೋಗುತ್ತಿದ್ದರು. ಒಂದು ಮುಂಜಾನೆ ಖಾಜಾಮಿಯಾ ಬಂದು ಬಾಗಿಲಲ್ಲಿ ನಿಂತ. ಗಡ್ಡ ಬೋಳಿಸಿಕೊಂಡಿದ್ದ, ಗುರುತೇ ಹತ್ತಲಿಲ್ಲ. ಮಗಳು, ಮಗಳ ಎರಡು ಹಸುಳೆಗಳು ಅವನ ಮನೆಯಲ್ಲಿದ್ದರು.

"ತಂಗೆವ್ವಾ, ನಾವು ಒಳಗ ಕೂಡ್ತೀವಿ. ನಿಮ್ಮಲ್ಲೊಂದು ಕೀಲಿ ಇದ್ದರ ನಮ್ಮ ಕದಕ್ಕ ಹೊರಗ ಹಾಕು. ಓಡಿಹೋದ್ರು ಅಂತ ಹೇಳು."

ಹೇಳಿದ ಮೇಲೆ ಅವನಿಗೇ ತಾನು ಯಾರ ಮುಂದೆ ಏನು ಕೇಳಿದೆನೆಂದು ಹೊಳೆಯಿತು.

"ಕೀಲಿ ಹಾಕಂಗಿಲ್ಲ" ಎಂದಳು ಶೇಖಮ್ಮ. "ಒಳಗಿಂದ ಅಗಳಿ ಹಾಕ್ಕೋರಿ. ಹೊರಗ ನಾ ಕೂಡ್ತೀನಿ."

ಅವನ ಬಾಗಿಲ ಮುಂದೆ ಹೋಗಿ ಕೂತಳು. ಮೂರನೆಯ ದಿನ ಹೊತ್ತು ನೆತ್ತಿಗೆ ಬಂದಾಗ ಕೊಡಲಿ ಹಿಡಿದ ನಾಲ್ವರು ಬಂದರು. ಇಬ್ಬರ ಮುಖ ಪರಿಚಯದ್ದು.

"ಒಳಗ ಯಾರದಾರ?"

"ಅದಾರ. ಮುದುಕ ಅದಾನ, ಮಗಳದಾಳ, ಕೂಸುಗಳದಾವ."

"ಏಳು. ನಿನ್ನ ಗಂಡನ್ನ ತಿಂದದ್ದು ಇವರ ಮಂದಿ. ನಾಚಿಕಿ ಬರಂಗಿಲ್ಲೇನು ಇಲ್ಲಿ ಕೂಡಾಕ?"

"ನನ್ನ ಗಂಡನ್ನ ಯಾರೂ ತಿಂದಿಲ್ಲ. ಕೀಲಿ ಹಾಕಿದಾಕಿ ನಾನು. ಯಾರಿಗೂ ಹೇಳಬ್ಯಾಡ್ರಿ ಅಂದಾಕಿ ನಾನು. ಕೊಡಲಿ ಇಲ್ಲಿ ಹಾಕು, ಇದ ತಲಿ ಮ್ಯಾಲ. ಆಮ್ಯಾಲ ದಾಟಿ ಹೋಗು."

ಅವರಲ್ಲೊಬ್ಬ ಅವಳ ತೋಳು ಹಿಡಿದು ಎಳೆದ. ಅವಳು ಚೌಕಟ್ಟು ಹಿಡಿದುಕೊಂಡಳು. ತೋಳು ಕೀಲಿನಿಂದ ಜರುಗಿತು, ಚೀರಿದಳು. ಒಳಗೆ ಒಂದು ಕೂಸು ಅಳತೊಡಗಿತು. ಕೂಸಿನ ದನಿ ಕೇಳಿ ಪರಿಚಯದ ಒಬ್ಬ, "ನಡೀರಲೇ, ಹುಚ್ಚಿ ಆಗ್ಯಾಳ ಇಕಿ" ಎಂದು ತಿರುಗಿದ. ಉಳಿದವರೂ ಹೋದರು. ಹೋಗುವಾಗ ಕಟ್ಟೆಯ ಮೇಲಿದ್ದ ಕಲಾಯಿಯ ತಿದಿಯನ್ನು ಹರಿದು ಒಗೆದರು.

ಆ ಎಡತೋಳು ಈಗಲೂ ಮೇಲೆ ಏಳುವುದಿಲ್ಲ.

ಹಣಮಮ್ಮ ಮಗನ ಮುಖ ಕಾಣದೆ ಕೋಸಿಗಿಯಲ್ಲೇ ತೀರಿದಳು. ಖಾಜಾಮಿಯಾನ ಮಗಳು ಮಕ್ಕಳನ್ನು ಕಟ್ಟಿಕೊಂಡು ರಾಯಚೂರಿಗೆ ಹೋದಳು. ಅವನು ಹೋಗಲಿಲ್ಲ. ಒಬ್ಬನೇ ಇದ್ದಾನೆ. ಕಣ್ಣು ಮಂಜಾಗಿದೆ. ಶೇಖಮ್ಮನ ಜೊತೆ ಮಾತು ಕಡಿಮೆ. ಬೇಡವೆಂದ ಆ ಮಾತನ್ನು ಅವನು ಮರೆತಿಲ್ಲ, ಅವಳು ಮರೆಯೆಂದು ಕೇಳಿಲ್ಲ.

ದಿನಾ ಮುಂಜಾನೆ ಅವಳು ಕಸಬರಿಗೆ ಹಿಡಿದು ಅವನ ಬಾಗಿಲ ಮುಂದೆ ಹೋಗುತ್ತಾಳೆ. ಬಲಗೈಯೊಂದರಿಂದಲೇ ಕಸ ಗುಡಿಸುತ್ತಾಳೆ. ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಾಳೆ. ಒಳಗೆ ಕೆಮ್ಮೋ, ತಂಬಿಗೆಯ ಸಪ್ಪಳವೋ ಕೇಳುವತನಕ ನಿಲ್ಲಿಸುವುದಿಲ್ಲ. ಕೇಳಿದ ಮೇಲೆ ಕಸ ಬುಟ್ಟಿಗೆ ತುಂಬಿ ತಿಪ್ಪೆಗೆ ಒಯ್ಯುತ್ತಾಳೆ.